ಜಾರುತ್ತಿದ್ದ ಡಿಬೇಕಿ ಫೋರ್ಸೆಪ್ಸ್: ನನ್ನ ಅನುಭವ

ಸಿಂಧನೂರಿನ ನಮ್ಮ ಓಟಿಯಲ್ಲಿ (ಆಪರೇಷನ್ ಕೋಣೆ) ಡಿಬೇಕಿ ಫೋರ್ಸೆಪ್ಸ್, ಅಂದ್ರೆ ರಕ್ತನಾಳಕ್ಕೆ ಗಾಯವಾಗದಂತೆ ಹಿಡಿಯೋ ಚಿಮಟದಂಥ ಉಪಕರಣ, ತಿಂಗಳಿಂದ ಕಾಟ ಕೊಡ್ತಿತ್ತು. ರಕ್ತನಾಳ ಹಿಡಿದರೆ ಜಾರೋದು. ಡಾಕ್ಟರು ಗಟ್ಟಿ ಒತ್ತೋರು. ಒತ್ತಿದಷ್ಟೂ ತುದಿ ಬಾಯಿ ಬಿಡೋದು. ಹೊಸದಕ್ಕೆ ಚೀಟಿ ಬರೆದೂ ಆಗಿತ್ತು.

ಭೂತಗನ್ನಡಿ ಹಿಡಿದಾಗ ಗೊತ್ತಾಯ್ತು: ತುದಿಯ ಒಳಗಿನ ಸಣ್ಣ ಗೀರುಗಳಲ್ಲಿ ಬಿಳಿ ಪೊರೆ. ನಮ್ಮ ಬೋರಿನ ಗಡಸು ನೀರಿನ ಸುಣ್ಣ! ಮನೆಯ ಪಾತ್ರೆ ತಳದಲ್ಲಿ ಕೂರೋದೂ ಇದೇ. ಡಿಬೇಕಿಗೆ ಹಲ್ಲಿರೋ ಆಡ್ಸನ್ ಫೋರ್ಸೆಪ್ಸಿನಂತೆ ಚುಚ್ಚೋ ಹಲ್ಲಿಲ್ಲ, ಗೀರುಗಳೇ ಅದರ ಹಿಡಿತ. ಅವು ತುಂಬಿದರೆ ಬರೀ ಚಿಮಟ.

ಉಪಕರಣಗಳಿಗೆಂದೇ ಇರೋ, ಸುಣ್ಣ ಕರಗಿಸೋ ಡಿಸ್ಕೇಲರ್‌ನಲ್ಲಿ ನೆನೆಸಿ, ನೈಲಾನ್ ಬ್ರಷ್‌ನಿಂದ ಗೀರಿನುದ್ದಕ್ಕೂ ಉಜ್ಜಿದೆ. ತಂತಿ ಬ್ರಷ್ ಬೇಡ, ಮೇಲ್ಪದರ ಕಿತ್ತು ತುಕ್ಕು ಹಿಡಿಯುತ್ತೆ. ಕೊನೆ ತೊಳೆತ ಡಿಸ್ಟಿಲ್ಡ್ ನೀರಲ್ಲಿ, ಒಣಗಿಸಿ, ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲೋ ಆಟೋಕ್ಲೇವ್‌ಗೆ.

ಮೆಲ್ಲಗೆ ಒತ್ತಿದರೂ ಈಗ ಜಾರಲ್ಲ. ಚೀಟಿ ಹರಿದು ಹಾಕಿದೆ.