ಸೈಡ್‌ಕಾರ್ ಕಟ್ಟಿ ಊರು ಸುತ್ತಲು ಯಾವ ಬೈಕ್?

ಅಮ್ಮನಿಗೆ ಮಂಡಿನೋವು. ಬೈಕಿನ ಹಿಂದಿನ ಸೀಟಿಗೆ ಕಾಲೆತ್ತಿ ಹಾಕಿ ಕೂರುವುದು ಅವಳಿಂದಾಗದು. ಆದರೆ ಮಳೆ ನಿಂತ ಮೇಲೆ ಮಲೆನಾಡು ನೋಡಬೇಕೆಂಬ ಆಸೆ ನನಗಿಂತ ಅವಳಿಗೇ ಹೆಚ್ಚು. ಬೈಕಿನ ಪಕ್ಕಕ್ಕೆ ಕಟ್ಟುವ ಒಂದು ಚಕ್ರದ ತೊಟ್ಟಿಲು, ಅಂದರೆ ಸೈಡ್‌ಕಾರಿನ ಹಿಂದೆ ನಾನು ಬಿದ್ದದ್ದು ಹಾಗೆ. ಬುಲೆಟ್ಟಿಗೋ ಲ್ಯಾಂಬ್ರೆಟಾ ಸ್ಕೂಟರಿಗೋ ತೊಟ್ಟಿಲು ಕಟ್ಟಿಕೊಂಡು ಸಂಸಾರ ಸಮೇತ ಪೇಟೆಗೆ ಹೋಗುತ್ತಿದ್ದವರನ್ನು ಹಿರಿಯರು ಕಂಡಿರುತ್ತಾರೆ. ಆದರೆ ಪೇಟೆಗೆ ಹೋಗಿಬರುವುದಕ್ಕೂ ದಿನಕ್ಕೆ ಇನ್ನೂರು ಕಿಲೋಮೀಟರ್ ಘಾಟಿ ಹತ್ತಿಳಿಯುವುದಕ್ಕೂ ಬೇಕಾಗುವ ಬೈಕ್ ಒಂದೇ ಅಲ್ಲ.

ಶೋರೂಮಿಗೆ ಹೋಗುವ ಮುಂಚೆ ತೂಕದ ಲೆಕ್ಕ ಹಾಕಿ. ಸೈಡ್‌ಕಾರ್ ಸುಮಾರು 80ರಿಂದ 100 ಕೆ.ಜಿ. ಇರುತ್ತದೆ. ಕೂರುವವರು 60, ಸಾಮಾನು 20 ಎಂದರೂ ಒಟ್ಟು 160–180 ಆಯಿತು. ಬುಲೆಟ್ 350ರ ಸ್ವಂತ ತೂಕವೇ 190ರ ಆಸುಪಾಸು. ನಿಮ್ಮ ಬೈಕು ದಿನವಿಡೀ ಹೆಚ್ಚುಕಡಿಮೆ ಇನ್ನೊಂದು ಬೈಕನ್ನು ಹೊತ್ತು ಓಡಬೇಕು.

ಆದ್ದರಿಂದ ಎಲ್ಲರೂ ಮೊದಲು ಎಂಜಿನ್ ವಿಚಾರಿಸಿದರೆ ನೀವು ಬಗ್ಗಿ ಚಾಸಿ, ಅಂದರೆ ಬೈಕಿನ ಅಸ್ಥಿಪಂಜರ ನೋಡಿ. ಸೈಡ್‌ಕಾರನ್ನು ಸಾಮಾನ್ಯವಾಗಿ ನಾಲ್ಕು ಕಡೆ ಬಿಗಿಯುತ್ತಾರೆ, ಕೆಳಗೆ ಎರಡು, ಮೇಲೆ ಎರಡು. ಬಿಗಿಯುವ ಕ್ಲಾಂಪ್ ಕೂರಿಸಲು ಗಟ್ಟಿ ಉಕ್ಕಿನ ದುಂಡು ಪೈಪ್ ಬೇಕು. ಅಲ್ಯೂಮಿನಿಯಂ ಚಾಸಿಯ ಬೈಕುಗಳನ್ನು ಈ ಕೆಲಸಕ್ಕೆ ಬಿಟ್ಟುಬಿಡಿ. ಹಳೆಯ ಬುಲೆಟ್‌ಗಳಲ್ಲಿ ಎಂಜಿನ್ನೇ ಚಾಸಿಯ ಒಂದು ಭಾಗ, ಅದರ ಕೆಳಗೆ ಪೈಪ್ ಹಾಯುವುದಿಲ್ಲ. ಹಾಗಾಗಿ ಅವುಗಳಿಗೆ ಸೈಡ್‌ಕಾರ್ ಬಿಗಿಯಲು ಪ್ರತ್ಯೇಕ ಉಪಚೌಕಟ್ಟು (ಸಬ್‌ಫ್ರೇಮ್) ಮಾಡಿಸಲೇಬೇಕು. ‘ಇಲ್ಲೇ ಒಂದು ವೆಲ್ಡಿಂಗ್ ಹೊಡೆದುಬಿಡೋಣ ಸಾರ್’ ಎನ್ನುವ ಗ್ಯಾರೇಜಿನಿಂದ ದಯವಿಟ್ಟು ಹೊರಟುಬನ್ನಿ. ಆ ಬೆಸುಗೆ ಬಿಟ್ಟುಕೊಂಡರೆ ಪಕ್ಕದಲ್ಲಿ ಕೂತವರ ಗತಿ ಏನಾಗುತ್ತದೆಂದು ಯೋಚಿಸಿ. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650ರದ್ದು ಎಂಜಿನ್ನಿನ ಕೆಳಗೆ ಎರಡು ಪೈಪ್ ಹಾಯುವ ಡಬಲ್ ಕ್ರೇಡಲ್ ಉಕ್ಕಿನ ಚಾಸಿ. ನನಗೆ ಅದು ಹಿಡಿಸಿದ್ದಕ್ಕೆ ಮೊದಲ ಕಾರಣವೇ ಇದು.

ಆಮೇಲೆ ಎಂಜಿನ್. ಇಲ್ಲಿ ಅಶ್ವಶಕ್ತಿಯನ್ನು ಮರೆತು ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ ನೋಡಿ; ಅದನ್ನು ನ್ಯೂಟನ್ ಮೀಟರಿನಲ್ಲಿ ಅಳೆಯುತ್ತಾರೆ. ಅದು ಎಷ್ಟು ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ) ಸಿಗುತ್ತದೆ ಎಂಬುದನ್ನು ಇನ್ನೂ ಗಮನವಿಟ್ಟು ನೋಡಿ. ಕೆಟಿಎಂ ಡ್ಯೂಕ್ 390ರ ಹಿಂದಿನ ಮಾದರಿ 37 ನ್ಯೂಟನ್ ಮೀಟರ್ ಕೊಡುತ್ತಿದ್ದುದು 7000 ಆರ್‌ಪಿಎಂನಲ್ಲಿ. ಬುಲೆಟ್ 500 ತನ್ನ 41 ನ್ಯೂಟನ್ ಮೀಟರನ್ನು 4000ಕ್ಕೇ ಕೊಡುತ್ತಿತ್ತು. ಆಗುಂಬೆಯ ಹೇರ್‌ಪಿನ್ ತಿರುವಿನಲ್ಲಿ ಎದುರಿಗೆ ಬಸ್ ಬಂದು, ನಿಂತು, ಮತ್ತೆ ಏರಿನಲ್ಲಿ ಹೊರಡಬೇಕಾದಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಎಳೆತ ಇಲ್ಲದ ಬೈಕಿನಲ್ಲಿ ಅಂಥ ಕಡೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ.

ಬಯಲುಸೀಮೆಯಲ್ಲಿ ಐವತ್ತರ ವೇಗದಲ್ಲಿ ನಿಧಾನವಾಗಿ ಸುತ್ತುವವರಿಗೆ 27–28 ನ್ಯೂಟನ್ ಮೀಟರಿನ ಬುಲೆಟ್ 350 ಸಾಕು. ಘಾಟಿ ಹತ್ತುವುದಾದರೆ 2020ಕ್ಕೆ ಮಾರಾಟ ನಿಂತ ಬುಲೆಟ್ 500ನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಹುಡುಕಿ. ಕೈಯಲ್ಲಿ ದುಡ್ಡಿದ್ದರೆ 52 ನ್ಯೂಟನ್ ಮೀಟರಿನ ಇಂಟರ್‌ಸೆಪ್ಟರ್ 650. ಯಾವುದೇ ಆದರೂ ಚೈನ್ ಎಳೆಯುವ ಮುಂದಿನ ಹಲ್ಲುಗಾಲಿಯಲ್ಲಿ (ಸ್ಪ್ರಾಕೆಟ್) ಒಂದೆರಡು ಹಲ್ಲು ಕಡಿಮೆ ಮಾಡಿಸಿ. 17ರಿಂದ 16ಕ್ಕೆ ಇಳಿಸಿದರೆ ಎಳೆತ ಶೇ 6ರಷ್ಟು ಹೆಚ್ಚುತ್ತದೆ. ಟಾಪ್ ಸ್ಪೀಡ್ ಇಳಿಯುತ್ತದೆ, ಇಳಿಯಲಿ.

ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ವಿಷಯವನ್ನು ಹೆಚ್ಚಿನವರು ಬೈಕ್ ಕೊಂಡ ಮೇಲೆ ಯೋಚಿಸುತ್ತಾರೆ. ಮೂರು ಚಕ್ರದ ಗಾಡಿ ವಾಲುವುದಿಲ್ಲ, ಹ್ಯಾಂಡಲ್ ತಿರುಗಿಸಿಯೇ ಓಡಿಸಬೇಕು. ಮಾಮೂಲಿ ಫೋರ್ಕಿನಲ್ಲಿ ಸಂಜೆ ಹೊತ್ತಿಗೆ ತೋಳು ಬಿದ್ದುಹೋಗುತ್ತದೆ. ಮುಂದಕ್ಕೆ ಚಾಚಿದ ಚಿಕ್ಕ ತೋಳುಗಳಲ್ಲಿ ಚಕ್ರ ಕೂರುವ ಲೀಡಿಂಗ್ ಲಿಂಕ್ ಫೋರ್ಕ್ ಹಾಕಿಸಿದರೆ ಹ್ಯಾಂಡಲ್ ಹಗುರವಾಗುತ್ತದೆ. ರಷ್ಯಾ ಮೂಲದ ಸೈಡ್‌ಕಾರ್ ಬೈಕ್ ಉರಲ್‌ಗೆ ಅದು ಕಾರ್ಖಾನೆಯಿಂದಲೇ ಬರುತ್ತದೆ. ನೀವು ಆರಿಸುವ ಬೈಕಿಗೆ ಅಂಥ ಫೋರ್ಕ್ ಮಾಡಿಕೊಡುವವರು ಇದ್ದಾರೆಯೇ ಎಂದು ಮುಂಗಡ ಕೊಡುವ ಮೊದಲೇ ವಿಚಾರಿಸಿ. ಸೈಡ್‌ಕಾರ್ ಚಕ್ರಕ್ಕೂ ಬ್ರೇಕ್ ಇರಲಿ.

ಕಾನೂನಿನ ಮಾತು ಚಿಕ್ಕದು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 2(27) ಬಿಚ್ಚಿ ತೆಗೆಯಬಹುದಾದ ಸೈಡ್‌ಕಾರನ್ನೂ ಸೇರಿಸಿಯೇ ಮೋಟಾರ್‌ಸೈಕಲ್ ಎನ್ನುತ್ತದೆ. ಆದರೆ ವಾಹನದ ಮೂಲ ರೂಪ ಬದಲಿಸುವುದಕ್ಕೆ ಸೆಕ್ಷನ್ 52ರ ಕಟ್ಟುಪಾಡು ಇದೆ. ಕೆಲಸ ಶುರು ಮಾಡಿಸುವ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮೆಯವರಿಗೂ ತಿಳಿಸಿ.

ಗಾಡಿ ಸಿದ್ಧವಾದ ದಿನವೇ ಯಾರನ್ನೂ ಕೂರಿಸಬೇಡಿ. ನಮ್ಮಲ್ಲಿ ಸೈಡ್‌ಕಾರ್ ಎಡಕ್ಕಿರುತ್ತದೆ. ಪಿಕಪ್ ಕೊಟ್ಟರೆ ಗಾಡಿ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಿಡಿದರೆ ಬಲಕ್ಕೆ. ಖಾಲಿ ಇರುವಾಗ ಎಡತಿರುವಿನಲ್ಲಿ ಜೋರು ಹೋದರೆ ಸೈಡ್‌ಕಾರ್ ಚಕ್ರ ನೆಲ ಬಿಟ್ಟು ಏಳುತ್ತದೆ. ನಾನು ಐವತ್ತು ಕೆ.ಜಿ. ಮರಳಿನ ಮೂಟೆ ಇಟ್ಟುಕೊಂಡು ಮೂರು ಭಾನುವಾರ ಖಾಲಿ ಮೈದಾನದಲ್ಲಿ ಎಂಟರ ಆಕಾರದಲ್ಲಿ ಸುತ್ತಿದೆ. ಅಮ್ಮನನ್ನು ಕೂರಿಸಿಕೊಂಡದ್ದು ನಾಲ್ಕನೆಯ ಭಾನುವಾರ, ಅದೂ ಊರಾಚೆಯ ಕೆರೆ ಏರಿಯವರೆಗೆ ಮಾತ್ರ.