ನಂಬಿಕೆಗಳಿಗೊಂದು ಲೆಡ್ಜರ್

ಪ್ರಮಾಣವೆಂದರೆ ತಿಳಿವಳಿಕೆ ಬರುವ ದಾರಿ. ನ್ಯಾಯದರ್ಶನ ಹೇಳುವುದು ನಾಲ್ಕು: ಪ್ರತ್ಯಕ್ಷ (ಕಣ್ಣು, ಮೂಗು ಮುಂತಾದ ಇಂದ್ರಿಯಗಳಿಂದ ತಿಳಿದದ್ದು), ಅನುಮಾನ (ಸಂಶಯವಲ್ಲ, ಕಾರಣ ಕೊಟ್ಟು ತರ್ಕಿಸಿದ್ದು), ಉಪಮಾನ (ಹೋಲಿಕೆಯಿಂದ ತಿಳಿದದ್ದು), ಶಬ್ದ (ನಂಬತಕ್ಕವರ ಮಾತು). ಮನೆಯ ನಂಬಿಕೆಗಳ ಮೇಲೆ ಅವನ್ನು ಪ್ರಯೋಗಿಸಿದರೆ ನಾಸ್ತಿಕನಾಗುತ್ತೀಯ ಎಂದರು ಹಿರಿಯರು. ಕಾಲಹರಣ ಎಂದರು ಆಫೀಸಿನವರು. ಈಗ ಮಲ್ಲೇಶ್ವರದ ನಾಲ್ಕೈದು ಮನೆಗಳಲ್ಲಿ ನನ್ನ ಮಾದರಿಯದೇ ಲೆಡ್ಜರ್ ನಡೆಯುತ್ತಿದೆ.

ಅದಕ್ಕೂ ಮುಂಚೆ ಶಿಬಿರ, ಉಪನ್ಯಾಸಮಾಲೆ, ಭಾಷ್ಯದ ಸಂಪುಟಗಳಿಗೆ ಹದಿನೈದು ಸಾವಿರದ ಆಸುಪಾಸು ಹೋಯಿತು. ಅವೆಲ್ಲ ಸಿದ್ಧ ಉತ್ತರ ಕೊಡುತ್ತವೆ. ತಲೆಯಲ್ಲಿ ಆಗಲೇ ಏನು ತುಂಬಿದೆ ಎಂದು ಕೇಳುವುದಿಲ್ಲ. ಕೆಲಸಕ್ಕೆ ಬಂದದ್ದು ಅರವತ್ತೋ ಎಪ್ಪತ್ತೋ ರೂಪಾಯಿಯ ಲೆಡ್ಜರ್.

ಎಡಪುಟದಲ್ಲಿ ನಂಬಿಕೆ, ಒಂದೇ ಸಾಲಿನಲ್ಲಿ. ಬಲಕ್ಕೆ ಮೂರು ಕಲಂ: ಯಾವ ಪ್ರಮಾಣ, ಯಾರಿಂದ ಬಂತು, ಬಿಟ್ಟರೆ ಏನಾಗುತ್ತದೆ. ವಾರಕ್ಕೆ ಮೂರು ನಂಬಿಕೆ ಸಾಕು. ಹೆಚ್ಚಾದರೆ ಎಲ್ಲಕ್ಕೂ ‘ಶಬ್ದ’ ಎಂದು ಗೀಚಿ ಎದ್ದುಬಿಡುತ್ತೇವೆ. ಶಬ್ದವಾದರೆ ಶ್ರುತಿಯೋ (ವೇದ), ಸ್ಮೃತಿಯೋ (ಧರ್ಮಶಾಸ್ತ್ರ), ಅಜ್ಜಿಯೋ, ವಾಟ್ಸಾಪೋ ಬರೆಯಲೇಬೇಕು. ಶಬ್ದವೆಂದರೆ ಆಪ್ತವಾಕ್ಯ, ಹಾಗೆಂದ ಮೇಲೆ ಆಪ್ತ, ಅಂದರೆ ಆ ನಂಬತಕ್ಕವರು, ಯಾರೆಂದು ಹೇಳಬೇಕಲ್ಲ. ನನ್ನ ಪುಸ್ತಕದಲ್ಲಿ ಪುನರ್ಜನ್ಮ ಶಬ್ದದಲ್ಲೇ ಉಳಿಯಿತು, ಕರ್ಮ ಅರ್ಧದಷ್ಟು ಅನುಮಾನಕ್ಕೆ ಬಂತು. ಕೊನೆಯ ಕಲಂ ತುಂಬಿಸಲು ನಾನು ಕೇಳುವ ಪ್ರಶ್ನೆಯೊಂದಿದೆ. ಅದನ್ನಿಲ್ಲಿ ಹೇಳಿದರೆ ಉತ್ತರ ಹೊಂದಿಸಿಕೊಂಡೇ ಬರುತ್ತೀರಿ, ಬೇಡ.

ರಾಹುಕಾಲದ್ದು ಅಡ್ಡದಾರಿ, ಆದರೂ ಮಜಾ. ಸೋಮವಾರ ಏಳೂವರೆಯಿಂದ ಒಂಬತ್ತು ಎನ್ನುವುದು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನಿಗೆ. ಹಗಲನ್ನು ಎಂಟು ಪಾಲು ಮಾಡಿ ಎರಡನೆಯದನ್ನು ಹಿಡಿದರೆ, ಬೆಂಗಳೂರಲ್ಲಿ ಜೂನ್ ಕೊನೆಗೆ ಸುಮಾರು 97 ನಿಮಿಷ, ಡಿಸೆಂಬರ್ ಕೊನೆಗೆ 85. ಜನವರಿಯಲ್ಲಿ ಶುರುವಾಗುವುದೇ ಎಂಟು ದಾಟಿದ ಮೇಲೆ. ‘ಯಾರಿಂದ’ ಕಲಮಿನಲ್ಲಿ ‘ಗೋಡೆ ಕ್ಯಾಲೆಂಡರ್’ ಎಂದು ಬರೆದೆ.

ಶಬ್ದದ ಮೇಲೆ ನಿಂತದ್ದು ಮನೆಯೊಳಗೇ ಇರಲಿ. ಅಪಾರ್ಟ್‌ಮೆಂಟ್ ಸಭೆಗೆ ಪ್ರತ್ಯಕ್ಷ, ಅನುಮಾನ ಎರಡನ್ನೇ ಒಯ್ಯಬೇಕು. ಸಂವಿಧಾನದ 25ನೇ ವಿಧಿ ನನಗೆ ಕೊಟ್ಟ ಧರ್ಮಸ್ವಾತಂತ್ರ್ಯವನ್ನೇ ಎದುರುಮನೆಯವರಿಗೂ ಕೊಟ್ಟಿದೆ. ನನ್ನ ಆಪ್ತ ಅವರಿಗೆ ಆಪ್ತನಲ್ಲ. ಬೌದ್ಧರೆದುರು ವಾದಕ್ಕಿಳಿದ ನ್ಯಾಯದರ್ಶನದ ಆಚಾರ್ಯ ಉದಯನನೂ ಈಶ್ವರನಿದ್ದಾನೆಂದು ತೋರಿಸಲು ಅನುಮಾನಗಳನ್ನು ಹೂಡಿದ್ದು ಇದಕ್ಕೇ. ಶ್ರಾವಣದಲ್ಲಿ ಮೀನಿನ ವಾಸನೆ ಬಂದರೆ ‘ಶ್ರಾವಣ’ ಎನ್ನಬೇಡಿ, ಜಗಳವಾಗುತ್ತದೆ. ‘ಎಕ್ಸಾಸ್ಟ್ ಫ್ಯಾನ್ ಕಾರಿಡಾರಿಗೆ ತೆರೆದಿದೆ’ ಎಂದರೆ ಎಲೆಕ್ಟ್ರಿಷಿಯನ್ ಬರುತ್ತಾನೆ. ಫ್ಯಾನ್ ತಿರುಗಿಸಿ ಹಾಕಿದ ಮೇಲೂ ದೂರು ಉಳಿದರೆ, ಅದು ಮೂಗಿನದಲ್ಲ, ಲೆಡ್ಜರಿಗೆ ಹೋಗಲಿ. ನಮ್ಮ ಹೋಮದ ಹೊಗೆಗೂ ಇದೇ ನ್ಯಾಯ.

ಮಾಧ್ವರ (ದ್ವೈತಿಗಳ) ಮನೆಯಾದರೆ ಪ್ರತ್ಯಕ್ಷ, ಅನುಮಾನ, ಆಗಮ (ಶಬ್ದಕ್ಕೆ ಅವರ ಹೆಸರು) ಮೂರೇ ಸಾಕು. ಆರು ಪ್ರಮಾಣ ಬೇಕೆನ್ನುವ ಅದ್ವೈತಿಗಳು ದೊಡ್ಡ ಲೆಡ್ಜರ್ ಕೊಳ್ಳಲಿ.