ನಿಂಜೆಕ್ಟ್ ಬಿಟ್ಟಾಗ ಸಿಕ್ಕಿಬಿದ್ದ ಹಳೇ ಬಗ್

ನಮ್ಮದು ಮೈಕ್ರೋಸಾಫ್ಟ್‌ನ ಹಳೇ ವೆಬ್ ಫ್ರೇಮ್‌ವರ್ಕ್ ಎಎಸ್‌ಪಿ ಡಾಟ್ ನೆಟ್ ಎಂವಿಸಿ 5ರಲ್ಲಿ ಬರೆದ ಆರ್ಡರ್ ಬುಕಿಂಗ್ ಆ್ಯಪ್. ಅದನ್ನು ಡಾಟ್ ನೆಟ್ 8ಕ್ಕೆ ತರುವಾಗ, ಡಿಪೆಂಡೆನ್ಸಿ ಇಂಜೆಕ್ಷನ್‌ಗೆ (ಒಂದು ಕ್ಲಾಸ್‌ಗೆ ಬೇಕಾದ ಆಬ್ಜೆಕ್ಟ್‌ಗಳನ್ನು ಹೊರಗಿನಿಂದ ಕಟ್ಟಿ ಕೊಡುವುದಕ್ಕೆ) ಬಳಸುತ್ತಿದ್ದ ನಿಂಜೆಕ್ಟ್ ಲೈಬ್ರರಿ ಬಿಟ್ಟು, ಇದೇ ಕೆಲಸಕ್ಕೆ ಫ್ರೇಮ್‌ವರ್ಕ್ ಜೊತೆಗೇ ಬರುವ ಕಂಟೇನರ್‌ಗೆ ಹೋಗೋಣ ಎಂದುಕೊಂಡೆವು. ಎರಡು ದಿನದ ಕೆಲಸ ಎಂದು ಮ್ಯಾನೇಜರ್‌ಗೆ ಹೇಳಿದವನು ನಾನೇ. ಮೂರು ವಾರ ಹಿಡಿಯಿತು.

ಏನು ಕೇಳಿದರೆ ಯಾವ ಕ್ಲಾಸ್ ಕೊಡಬೇಕು ಎಂದು ಹೇಳುವ ಬೈಂಡಿಂಗ್ ಸಾಲುಗಳನ್ನು ಆಡ್‌ಸ್ಕೋಪ್ಡ್, ಆಡ್‌ಸಿಂಗಲ್‌ಟನ್ ಎಂದು ಬದಲಿಸುವುದು ಒಂದು ಮಧ್ಯಾಹ್ನದಲ್ಲೇ ಮುಗಿಯಿತು. ಸಂಜೆ ಆ್ಯಪ್ ಸ್ಟಾರ್ಟ್ ಮಾಡಿದರೆ ಏಳಲೇ ಇಲ್ಲ. ನಿಂಜೆಕ್ಟ್ ಬಹಳ ಉದಾರಿ. ಇಂಟರ್‌ಫೇಸ್ ಇಲ್ಲದ ಸಾಮಾನ್ಯ ಕ್ಲಾಸ್ ಕೇಳಿದರೆ, ರಿಜಿಸ್ಟರ್ ಆಗಿಲ್ಲದಿದ್ದರೂ ತಾನೇ ಕಟ್ಟಿ ಕೊಡುತ್ತದೆ. ಹೊಸ ಕಂಟೇನರ್‌ನಲ್ಲಿ ಆ ಸಲುಗೆ ಇಲ್ಲ. ಹೇಳದೆ ಬಿಟ್ಟಿದ್ದ ಕ್ಲಾಸ್‌ಗಳನ್ನೆಲ್ಲ ಹುಡುಕಿ ಸೇರಿಸಿದೆ.

ಆಮೇಲೆ ಉಳಿದದ್ದು ಒಂದೇ ಎರರ್. ದರಪಟ್ಟಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಸಿಂಗಲ್‌ಟನ್ ಸರ್ವಿಸ್ (ಇಡೀ ಆ್ಯಪ್‌ಗೆ ಒಂದೇ ಆಬ್ಜೆಕ್ಟ್) ಒಂದಿತ್ತು. ಅದರ ಕನ್‌ಸ್ಟ್ರಕ್ಟರ್ ಡೇಟಾಬೇಸ್ ಜೊತೆ ಮಾತಾಡುವ ಡಿಬಿಕಾಂಟೆಕ್ಸ್ಟ್ ಆಬ್ಜೆಕ್ಟ್ ಕೇಳುತ್ತಿತ್ತು. ಡಿಬಿಕಾಂಟೆಕ್ಸ್ಟ್ ಈಗ ಸ್ಕೋಪ್ಡ್, ಅಂದರೆ ಒಂದು ರಿಕ್ವೆಸ್ಟ್ ಮುಗಿಯುವವರೆಗೆ ಮಾತ್ರ ಅದರ ಆಯಸ್ಸು. ಆ್ಯಪ್ ಇರುವಷ್ಟು ದಿನ ಬದುಕುವ ಸಿಂಗಲ್‌ಟನ್ ಅದನ್ನು ಹಿಡಿದುಕೊಳ್ಳುವಂತಿಲ್ಲ ಎಂದು ಕಂಟೇನರ್ ಹಟ ಹಿಡಿಯಿತು. ನನಗೆ ಸಿಟ್ಟೇ ಬಂತು. ಹಳೇ ಕೋಡ್‌ನಲ್ಲಿ ಇದು ವರ್ಷಗಟ್ಟಲೆ ನಡೆದಿತ್ತಲ್ವಾ?

ನಡೆದಿತ್ತು ನಿಜ, ಸರಿಯಾಗಿ ನಡೆದಿರಲಿಲ್ಲ ಅಷ್ಟೆ. ಹಳೇ ಬೈಂಡಿಂಗ್ ತೆಗೆದು ನೋಡಿದೆ. ಡಿಬಿಕಾಂಟೆಕ್ಸ್ಟ್ ಸಾಲಿನ ಕೊನೆಗೆ ಇನ್‌ರಿಕ್ವೆಸ್ಟ್‌ಸ್ಕೋಪ್ ಎಂದು ಬರೆಯುವುದನ್ನು ಯಾರೋ ಮರೆತಿದ್ದರು. ಏನೂ ಬರೆಯದಿದ್ದರೆ ನಿಂಜೆಕ್ಟ್‌ನಲ್ಲಿ ಅದು ಟ್ರಾನ್ಸಿಯೆಂಟ್: ಕೇಳಿದವರಿಗೆಲ್ಲ ಬೇರೆ ಬೇರೆ ಆಬ್ಜೆಕ್ಟ್. ಸಿಂಗಲ್‌ಟನ್ ತನ್ನ ಪಾಲಿನ ಕಾಂಟೆಕ್ಸ್ಟ್ ಒಂದನ್ನು ಎತ್ತಿಕೊಂಡು ಕೊನೆಯವರೆಗೂ ಬಿಟ್ಟಿರಲಿಲ್ಲ.

ಆಗ ನಮ್ಮ ಸಪೋರ್ಟ್ ಹುಡುಗನ ಹಳೇ ದೂರು ನೆನಪಾಯಿತು. "ಸರ್, ಹೊಸ ಐಟಂ ಸೇರಿಸಿದ್ರೆ ಕಾಣತ್ತೆ, ಹಳೇ ಐಟಂ ರೇಟ್ ಬದಲಾಯಿಸಿದ್ರೆ ಕಾಣಲ್ಲ." ಕಾರಣ ಇದೇ. ಸರ್ವಿಸ್ ಹತ್ತು ನಿಮಿಷಕ್ಕೊಮ್ಮೆ ದರಗಳನ್ನು ಮತ್ತೆ ಓದುತ್ತಿತ್ತು. ಡೇಟಾಬೇಸ್‌ನಿಂದ ಹೊಸ ದರ ಬರುತ್ತಲೂ ಇತ್ತು. ಆದರೆ ಡಿಬಿಕಾಂಟೆಕ್ಸ್ಟ್‌ನ ಹಿಂದಿರುವ ಡೇಟಾಬೇಸ್ ಲೈಬ್ರರಿ ಎಂಟಿಟಿ ಫ್ರೇಮ್‌ವರ್ಕ್, ಅದೇ ಕಾಂಟೆಕ್ಸ್ಟ್ ಈಗಾಗಲೇ ಟ್ರ್ಯಾಕ್ ಮಾಡುತ್ತಿರುವ ಆಬ್ಜೆಕ್ಟ್ ಇದ್ದರೆ ಅದನ್ನೇ ವಾಪಸ್ ಕೊಡುತ್ತದೆ, ಬಂದ ಹೊಸ ಬೆಲೆಯನ್ನು ಅದರ ಮೇಲೆ ಬರೆಯುವುದಿಲ್ಲ. ವೆಬ್ ಸರ್ವರ್ ಐಐಎಸ್‌ನ ಸೆಟ್ಟಿಂಗ್ ಮುಟ್ಟದಿದ್ದರೆ ಆ್ಯಪ್ ಪೂಲ್ (ಆ್ಯಪ್ ಓಡುವ ಪ್ರೊಸೆಸ್) 29 ಗಂಟೆಗೊಮ್ಮೆ ರಿಸೈಕಲ್ ಆಗುತ್ತದೆ, ಅಂದರೆ ಹೊಸದಾಗಿ ಶುರುವಾಗುತ್ತದೆ. ಹಾಗಾಗಿ ಮರುದಿನದ ಹೊತ್ತಿಗೆ ದರ ತಾನಾಗಿ ಸರಿಹೋಗುತ್ತಿತ್ತು, ನಾವೂ ಸುಮ್ನಾಗುತ್ತಿದ್ದೆವು. ಈಗ ಆ ಸರ್ವಿಸ್‌ಗೆ ಸ್ಕೋಪ್ ಫ್ಯಾಕ್ಟರಿ ಕೊಟ್ಟಿದ್ದೇನೆ. ಪ್ರತಿ ಸಲ ಹೊಸ ಸ್ಕೋಪ್ ತೆರೆದು, ಓದಿ, ಮುಚ್ಚುತ್ತದೆ.

ಡಿಬಿಕಾಂಟೆಕ್ಸ್ಟ್ ಸ್ಕೋಪ್ಡ್ ಆದದ್ದು ಇನ್ನೊಂದು ಕಡೆ ಹೊಡೆತ ಕೊಟ್ಟಿತು, ಅದು ಗೊತ್ತಾಗಿದ್ದು ಟೆಸ್ಟಿಂಗ್‌ನಲ್ಲಿ. ಮೊದಲು ಒಂದೊಂದು ರೆಪಾಸಿಟರಿಗೂ (ಡೇಟಾ ಓದಿ ಬರೆಯುವ ಕ್ಲಾಸ್‌ಗೂ) ಅದರದೇ ಕಾಂಟೆಕ್ಸ್ಟ್ ಇತ್ತು. ಈಗ ಒಂದು ರಿಕ್ವೆಸ್ಟ್‌ನಲ್ಲಿ ಎಲ್ಲರಿಗೂ ಸೇರಿ ಒಂದೇ. ಆರ್ಡರ್ ಚೆಕ್ ಮಾಡುವ ಕೋಡ್ ಆರ್ಡರ್‌ನ ಸ್ಟೇಟಸ್ ಅನ್ನು ಸುಮ್ನೆ ಬದಲಿಸಿ, ಸೇವ್ ಮಾಡದೆ ಬಿಡುತ್ತಿತ್ತು. ಆಮೇಲೆ ಆಡಿಟ್ ಲಾಗ್ ಬರೆಯುವ ರೆಪಾಸಿಟರಿ ಸೇವ್ ಒತ್ತಿದರೆ ಆ ಅರೆಬರೆ ಸ್ಟೇಟಸ್ ಕೂಡ ಡೇಟಾಬೇಸ್‌ಗೆ ಹೋಯಿತು! ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಸೇವ್ ಕರೆಯುವ ಜಾಗಗಳನ್ನೆಲ್ಲ ಕೂತು ಓದಿದ್ದಕ್ಕೇ ಒಂದು ವಾರ ಹೋಯಿತು.

ಆಬ್ಜೆಕ್ಟ್ ಕಟ್ಟಿದ ಮೇಲೆ ಅದರ ಪ್ರಾಪರ್ಟಿಗಳಿಗೆ ತುಂಬುವ ಪ್ರಾಪರ್ಟಿ ಇಂಜೆಕ್ಷನ್ ಹೊಸ ಕಂಟೇನರ್‌ನಲ್ಲಿ ಇಲ್ಲವೇ ಇಲ್ಲ, ಎಲ್ಲವನ್ನೂ ಕನ್‌ಸ್ಟ್ರಕ್ಟರ್‌ಗೆ ಸರಿಸಿದೆ. ಹೆಸರು ಕೊಟ್ಟು ಮಾಡಿದ್ದ ಬೈಂಡಿಂಗ್‌ಗಳಿಗೆ ಡಾಟ್ ನೆಟ್ 8ರಲ್ಲಿ ಬಂದ ಕೀಡ್ ಸರ್ವಿಸ್ ಸಾಕಾಯಿತು.

ಒಂದು ವಿಷಯ ತಡವಾಗಿ ಗೊತ್ತಾಯಿತು. ಸ್ಕೋಪ್ ತಪ್ಪನ್ನು ಹಿಡಿಯುವ ಆ ಪರೀಕ್ಷೆ ತಾನಾಗಿ ನಡೆಯುವುದು ಡೆವಲಪ್‌ಮೆಂಟ್ ಮೋಡ್‌ನಲ್ಲಿ ಮಾತ್ರ, ಪ್ರೊಡಕ್ಷನ್‌ನಲ್ಲಿ ಅಲ್ಲ. ಅದಕ್ಕೇ ಸ್ಕೋಪ್ ತಪ್ಪು ಹಿಡಿಯುವ ಮತ್ತು ಕಟ್ಟುವಾಗಲೇ ಎಲ್ಲ ಸರ್ವಿಸ್ ಪರೀಕ್ಷಿಸುವ, ಎರಡೂ ವ್ಯಾಲಿಡೇಷನ್ ಆಯ್ಕೆಗಳನ್ನು ಆನ್ ಮಾಡಿ ಕಂಟೇನರ್ ಕಟ್ಟುವ ಒಂದು ಯೂನಿಟ್ ಟೆಸ್ಟ್ ಬರೆದೆ. ಕಂಟ್ರೋಲರ್‌ಗಳು ಅದರಲ್ಲಿ ತಾವಾಗಿ ಸೇರುವುದಿಲ್ಲ, ಅವನ್ನೂ ಸರ್ವಿಸ್ ಆಗಿ ರಿಜಿಸ್ಟರ್ ಮಾಡಬೇಕು. ಕಳೆದ ತಿಂಗಳು ಹೊಸದಾಗಿ ಸೇರಿದವರ ಬಿಲ್ಡ್ ಒಂದನ್ನು ಆ ಟೆಸ್ಟ್ ತಡೆಯಿತು. ಅವರೂ ಸಿಂಗಲ್‌ಟನ್ ಒಳಗೆ ಡಿಬಿಕಾಂಟೆಕ್ಸ್ಟ್ ಹಾಕಿದ್ದರು.